ಯಶೋದಮ್ಮನವರ ಮನೆಯಲ್ಲಿಟ್ಟ ಟ್ಯೂನು

ಫೋನು ಅಕ್ಕಿ ಡಬ್ಬದಲ್ಲಿ ಮಲಗಿದ್ದ ದಿನವೇ ಸಿದ್ದೇಶನಿಗೆ ಆ ಟ್ಯೂನು ಸಿಗಬೇಕೇ?

ಹಿಂದಿನ ಸಂಜೆ ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಫೋನು ಜಾರಿ ಬಿದ್ದಿತ್ತು. ಅಕ್ಕಿ ನೀರು ಹೀರಿಕೊಳ್ಳುತ್ತದೆಂದು ಹೆಂಡತಿ ಕಲಾ ಅದನ್ನು ಡಬ್ಬದ ತಳದಲ್ಲಿ ಹೂತು, ಮುಚ್ಚಳ ಹಾಕಿ, "ನಾಳೆ ರಾತ್ರಿವರೆಗೂ ಮುಟ್ಕೂಡ್ದು ರೀ" ಎಂದು ಅಪ್ಪಣೆ ಮಾಡಿದ್ದಳು. ಆ ನಿಶ್ಶಬ್ದದಲ್ಲಿ ಸಿದ್ದೇಶ ಎಂದೂ ಇಲ್ಲದಷ್ಟು ಚೆನ್ನಾಗಿ ನಿದ್ದೆ ಮಾಡಿದ. ಬೆಳಗಾಗುವ ಹೊತ್ತಿಗೆ ಕನಸು ಬಿತ್ತು.

ಕನಸಿನಲ್ಲಿ ಅತ್ತಿಗುಪ್ಪೆಯ ಮೆಟ್ರೋ ಕಂಬಗಳ ಕೆಳಗೆ ರಸ್ತೆಯಿರಲಿಲ್ಲ, ತಿಳಿನೀರಿತ್ತು. ಬಸ್ಸುಗಳು ಹಾರನ್ ಮರೆತು ಬಾತುಕೋಳಿಗಳ ಹಾಗೆ ತೇಲುತ್ತಿದ್ದವು. ಕಂಡಕ್ಟರನೊಬ್ಬ ಫುಟ್‌ಬೋರ್ಡಿನ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟು, ಚಿಲ್ಲರೆ ಕೇಳದೆ, ಎಲ್ಲರಿಗೂ ನಗುತ್ತಿದ್ದ. ಆಚೆ ದಡದಿಂದ ಯಾರೋ ಒಂದು ಟ್ಯೂನು ಗುನುಗುತ್ತಿದ್ದರು. ಮೇಲೇರುವ ಹಾಗೆ ಮಾಡಿ, ಏರದೆ, ಅಲ್ಲೇ ಒಂದು ಸುತ್ತು ತಿರುಗಿ, ಹಾಲಿನ ಕೆನೆಯಂತೆ ಮಡಚಿಕೊಂಡು ಮೆಲ್ಲಗೆ ಕೆಳಗಿಳಿಯುವ ಟ್ಯೂನು.

ಸಿದ್ದೇಶ ಎದ್ದು ಕೂತ. ಟ್ಯೂನು ಇನ್ನೂ ಮೂಗಿನಲ್ಲೇ ಇತ್ತು. ಬಾಯಿ ತೆರೆದರೆ ಹಾರಿಹೋಗುತ್ತದೆಂದು ತುಟಿ ಬಿಗಿದುಕೊಂಡ.

ಸಿದ್ದೇಶ ಯಾವ ಕಂಪನಿಗೂ, ಯಾರ ಆರ್ಕೆಸ್ಟ್ರಾಕ್ಕೂ ಸೇರದ ಸ್ವತಂತ್ರ ಸಂಗೀತಗಾರ. ಸ್ವತಂತ್ರ ಎಂದರೆ ಏಕಕಾಲಕ್ಕೆ ಎಲ್ಲರ ಕೈಗೂ ಸಿಕ್ಕಿಹಾಕಿಕೊಂಡವನು ಎಂದರ್ಥ. ಕೆಂಗೇರಿ ಉಪನಗರದ ಶಾಲೆಯೊಂದರ ಮಕ್ಕಳ ನಾಟಕಕ್ಕೆ ಕಾಡಿನ ಸದ್ದು, ರಾಜಾಜಿನಗರದ ನೀರಿನ ಟ್ಯಾಂಕಿನವರಿಗೆ ಜಾಹೀರಾತಿನ ಹಾಡು, ದೀಪಾಂಜಲಿ ನಗರದ ಯೋಗನಿದ್ರೆ ತರಗತಿಗೆ ಹಾರ್ಮೋನಿಯಂ, ಇವುಗಳ ಸಂದಿಯಲ್ಲಿ ಸದಾ "ಮುಂದಿನ ತಿಂಗಳು" ಬರಲಿರುವ ಅವನದೇ ಒಂದು ಆಲ್ಬಮ್. ಇಷ್ಟೆಲ್ಲ ಮಾಡಿದರೂ ಅವನ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ಜಾಹೀರಾತಿಗೆ ಹೆಸರು ಹಾಕುವ ಪದ್ಧತಿಯಿಲ್ಲ. ಶಾಲೆಯವರು ಪ್ರಿನ್ಸಿಪಾಲರ ಹೆಸರು ಹಾಕುತ್ತಾರೆ. ಯೋಗನಿದ್ರೆಯಲ್ಲಿ ಹೆಸರು ಹೇಳಿದರೂ ಕೇಳಿಸಿಕೊಳ್ಳಲು ಯಾರೂ ಎಚ್ಚರವಿರುವುದಿಲ್ಲ.

ಆ ಸಂಜೆ ರಮ್ಯಶ್ರೀ ಎಂಬ ನಿರ್ದೇಶಕಿ ಅವನ ಮನೆಗೆ ಬರುವವಳಿದ್ದಳು. ಮೊದಲ ಸಿನಿಮಾ ಮಾಡುತ್ತಿದ್ದ ಅವಳ ಬೇಡಿಕೆ ಒಂದೇ: "ನಂಗೆ ಹೊಸಾ ಟ್ಯೂನ್ ಬೇಕು ಸಿದ್ದೇಶ್. ಈ ಭೂಮಿ ಮೇಲೆ ಯಾರೂ ಕೇಳಿರ್ಬಾರ್ದು. ಅದೊಂದು ಸಿಕ್ರೆ ಇಡೀ ಸಿನಿಮಾ ನಿಮ್ದೆ." ಕತ್ತಲಾದ ಥಿಯೇಟರು, ಬೆಳ್ಳಗೆ ಬೆಳಗುವ ಪರದೆ, ಅದರ ಮೇಲೆ "ಸಂಗೀತ: ಸಿದ್ದೇಶ್". ಅದನ್ನು ನೆನೆದಾಗಲೆಲ್ಲ ಅವನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಳ್ಳುತ್ತಿದ್ದ.

ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡೋಣವೆಂದರೆ ಅದು ನಾಟಕದ ಕಾಡಿನ ಸದ್ದುಗಳನ್ನೆಲ್ಲ ಒಂದೇ ಫೈಲಾಗಿ ಉಗುಳುವುದರಲ್ಲಿ ಮುಳುಗಿತ್ತು. ನಡುವೆ ಮುಟ್ಟಿದರೆ ಹುಲಿ, ನವಿಲು, ಜಲಪಾತ ಎಲ್ಲವೂ ಮತ್ತೆ ಮೊದಲಿಂದ. ಸ್ವರ ಬರೆದಿಡೋಣವೆಂದರೆ ಚಿಕ್ಕಂದಿನ ಪಾಠವನ್ನು ಸರಳೆ ವರಸೆಗೇ ಬಿಟ್ಟು ಗಿಟಾರು ಹಿಡಿದವನು ಅವನು. ಉಳಿದದ್ದು ಕಲಾಳ ಫೋನು. ಅವಳು ಆಫೀಸಿಗೆ ಹೊರಟು ಚಪ್ಪಲಿ ಹಾಕುತ್ತಿದ್ದಳು. ಫೋನ್ ಕೇಳಲು ಬಾಯಿ ತೆರೆಯಬೇಕಲ್ಲ!

"ರೀ, ಗ್ಯಾಸ್ ಬುಕ್ ಮಾಡಿದ್ರಾ?"

"ಹೂಂ ಹೂಂ ಹೂಂಹೂಂ ಹೂಂ..." ಎಂದು ಸಿದ್ದೇಶ ಎರಡೂ ಕೈ ಚಾಚಿದ.

"ಹೂಂ ಅನ್ನೋಕೂ ರಾಗ ಎಳೀಬೇಕಾ? ಬೆಳಿಗ್ಗೆ ಬೆಳಿಗ್ಗೆ ಕೈ ಬೇರೆ ಚಾಚ್ತೀರಾ, ಬಿಡ್ರಿ, ಬಸ್ ಹೋಗತ್ತೆ" ಎಂದು ಕಲಾ ನಾಚಿ, ನಗುತ್ತ ಹೋಗಿಯೇಬಿಟ್ಟಳು.

ಟ್ಯಾಂಕಿನವರಲ್ಲಿಗೆ ಹೋಗಲೇಬೇಕಿತ್ತು. ತುಂಬಿದ ಕೊಡ ಹೊತ್ತವನಂತೆ ತಲೆ ಅಲುಗಿಸದೆ, ಮೂಗಿನಲ್ಲೇ ಗುನುಗುತ್ತ ಸಿದ್ದೇಶ ಮೆಟ್ಟಿಲಿಳಿದ. ಕೆಳಗೆ ಮನೆ ಓನರು ಯಶೋದಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಏನೋ ಸಿದ್ದು, ಹಲ್ಲು ನೋವಾ?"

ಸಿದ್ದೇಶ ಇಲ್ಲವೆಂದು ಕಣ್ಣಲ್ಲೇ ಹೇಳಿದ.

"ಗಂಟಲಾ? ಮೆಣಸಿನ ಸಾರು ಕೊಡ್ಲಾ? ಅಲ್ಲ ಕಣೋ, ಮಾತಾಡು. ನಿನ್ನೆ ಮೋಟ್ರು ಆಫ್ ಮಾಡ್ದೆ ಹೋದೋನು ನೀನೇ ತಾನೆ? ನೀರೆಲ್ಲ ಬೀದಿ ಪಾಲು!"

"ಮೋಟ್ರು ನಾನ್ ಹಾಕೇ ಇಲ್ಲ ಆಂಟಿ!"

ಅಷ್ಟೇ. ಬಾಯಿ ತೆರೆಯಿತು, ಟ್ಯೂನು ಹಾರಿತು. ಸಿದ್ದೇಶ ಮೆಟ್ಟಿಲ ಮೇಲೆ ಕುಸಿದು ತಲೆಯ ಮೇಲೆ ಕೈ ಹೊತ್ತ.

"ಹೋಯ್ತು ಆಂಟಿ... ಹೋಗ್ಬಿಡ್ತು..."

ಯಶೋದಮ್ಮ ಸೊಪ್ಪು ಬಿಟ್ಟು ಎದ್ದರು. "ಅಯ್ಯೋ ಶಿವನೇ, ಯಾರಪ್ಪಾ ಹೋಗಿದ್ದು?"

"ಟ್ಯೂನು ಆಂಟಿ. ಕನಸಲ್ಲಿ ಬಂದಿತ್ತು. ಮರ್ತೋಯ್ತು."

"ಥೂ ನಿನ್ನ, ಎದೆ ಧಸಕ್ ಅಂತು. ಇಳಿದ್ ಬರ್ತಾ ಮೂಗಲ್ಲಿ ಅಂತಿದ್ಯಲ್ಲ, ಅದೇ ತಾನೆ?" ಎಂದ ಯಶೋದಮ್ಮ ಮತ್ತೆ ಕೂತು ಸೊಪ್ಪಿನ ಕಡ್ಡಿ ಮುರಿಯುತ್ತ ಗುನುಗಿದರು. ಏರುವ ಹಾಗೆ ಮಾಡಿ, ಏರದೆ, ಸುತ್ತಿ, ಮಡಚಿಕೊಂಡು ಇಳಿಯಿತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ.

ಸಿದ್ದೇಶನಿಗೆ ಅವರ ಕಾಲಿಗೆ ಬೀಳುವಂತಾಯಿತು. ಆ ಬೀದಿಯವರೆಲ್ಲ ಬೀಗದ ಕೈ, ಕೊರಿಯರ್ ಪಾರ್ಸೆಲ್ಲು, ಊರಿಗೆ ಹೋಗುವಾಗ ತುಳಸಿ ಕುಂಡ, ಎಲ್ಲವನ್ನೂ ಯಶೋದಮ್ಮನವರ ಮನೆಯಲ್ಲಿಟ್ಟು ಹೋಗುವುದು ವಾಡಿಕೆ. ಇಟ್ಟದ್ದು ಇಟ್ಟ ಹಾಗೇ ಸಿಗುತ್ತಿತ್ತು. ಹೊರಗಿನವರ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಎಲ್ಲಿಗೆಲ್ಲ ಫಾರ್ವರ್ಡ್ ಆಗುತ್ತದೋ, ಬಾಯಲ್ಲಿಟ್ಟರೆ ಆ ಭಯವಿಲ್ಲ.

"ಆಂಟಿ, ಇದನ್ನೂ ಸಂಜೆವರೆಗೂ ಇಟ್ಕೊಳ್ತೀರಾ? ಸುಮ್ನೆ ಆಗಾಗ ಅಂತಾ ಇರಿ, ಸಾಕು."

"ಅದೇನ್ ಅನ್ನ ತಿನ್ನತ್ತಾ, ನೀರು ಕುಡಿಯತ್ತಾ? ಬಿಟ್ಟು ಹೋಗು, ನೋಡ್ಕೋತೀನಿ."

"ಆದ್ರೆ ನಂದು ಅಂತ ಯಾರಿಗೂ ಹೇಳ್ಬೇಡಿ. ಸಿನಿಮಾ ವಿಷ್ಯ. ಗೊತ್ತಾದ್ರೆ ಯಾರಾದ್ರೂ ಹೊಡ್ಕೊಂಡ್ ಹೋಗ್ತಾರೆ."

"ಪ್ರಾಣ ಹೋದ್ರೂ ಹೇಳಲ್ಲ" ಎಂದರು ಯಶೋದಮ್ಮ. ಇಂಥ ಮಾತು ಕೊಡುವ ಅವಕಾಶಕ್ಕೆ ಅವರು ವರ್ಷಗಳಿಂದ ಕಾದಿದ್ದಂತಿತ್ತು.

ಸ್ಕೂಟರಿನ ಹತ್ತಿರ ಬರುವಷ್ಟರಲ್ಲಿ ಸಿದ್ದೇಶನಿಗೆ ಕಸುಬಿನ ಬುದ್ಧಿ ಜಾಗೃತವಾಯಿತು. ಏನೇ ರೆಕಾರ್ಡ್ ಮಾಡಿದರೂ ಒಂದೇ ಕಡೆ ಇಡಬಾರದು, ಬ್ಯಾಕಪ್ ಬೇಕು. ಮಧ್ಯಾಹ್ನ ಸೀರಿಯಲ್ ನೋಡುತ್ತ ಯಶೋದಮ್ಮ ನಿದ್ದೆ ಹೋದರೆ? ಎದ್ದಾಗ ಸೀರಿಯಲ್ಲಿನ ಟ್ಯೂನು ಬಾಯಿಗೆ ಬಂದರೆ?

ಬೀದಿ ಮೂಲೆಯಲ್ಲಿ ಇಸ್ತ್ರಿ ಗಾಡಿಯ ಮಹದೇವನನ್ನು ಹಿಡಿದು ಟ್ಯೂನು ಕೇಳಿಸಿದ. ಮಹದೇವನಿಗೆ ಹಾಡು ಬರುತ್ತಿರಲಿಲ್ಲ, ಶಿಳ್ಳೆ ಬರುತ್ತಿತ್ತು.

"ಸಖತ್ತಾಗಿದೆ ಸಿದ್ದೇಶಣ್ಣ! ಪ್ಯಾಂಟಿನ ಗೆರೆ ಎಳೆಯೋಕೆ ಅಳತೆ ಕೊಟ್ಟು ಹೊಲಿಸ್ದಂಗಿದೆ" ಎಂದು ಅವನು ಪೆಟ್ಟಿಗೆಯನ್ನು ಓಡಿಸುತ್ತ ಶಿಳ್ಳೆ ಹಾಕಿದ. "ಯಾರ್ದು ಅಂತ ಕೇಳಿದ್ರೆ?"

"ಗೊತ್ತಿಲ್ಲ ಅನ್ನು. ಹಳೇದು ಅನ್ನು. ಏನಾದ್ರೂ ಅನ್ನು, ನನ್ ಹೆಸರು ಮಾತ್ರ ಎತ್ಬೇಡ ಗುರು."

ಅಮ್ಮನ ಗುಡಿಯ ಪಕ್ಕ ಹೂ ಕಟ್ಟುತ್ತ ಕೂತಿದ್ದವಳು ಹನುಮಕ್ಕ. ಅತ್ತಿಗುಪ್ಪೆ ಹಳ್ಳಿಯಾಗಿದ್ದಾಗಿನ ಮನೆತನದವಳು. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳ ಸಾಲೇ ಇದ್ದರೂ, ಕೈ ಸುಮ್ಮನಿರಲೊಲ್ಲದೆಂದು ಹೂ ಕಟ್ಟುತ್ತಿದ್ದಳು. ಸಿದ್ದೇಶ ಗುನುಗಿದ್ದನ್ನು ಕೇಳಿ ಮೂಗು ಮುರಿದಳು.

"ಪದ ಎಲ್ಲಿ ಮಗ? ಪದ ಇಲ್ದೆ ಬರೀ ರಾಗನ ಹೆಂಗ್ಲಾ ಮಡಿಕ್ಕೊಳ್ಳಾದು? ಜಾರೋಯ್ತದೆ."

"ಏನಾದ್ರೂ ಹಾಕ್ಕೊಳಿ ಅಜ್ಜಿ, ಸಂಜೆವರೆಗೆ ತಾನೆ."

ಹನುಮಕ್ಕ ದಾರ ಹಲ್ಲಲ್ಲಿ ಕಚ್ಚಿ, ಕಣ್ಣು ಕಿರಿದು ಮಾಡಿ, "ಕೆರೆಯ ಮ್ಯಾಲಿನ ಗಾಳೀ, ನನ್ನ ಹೂವ ಮುಟ್ಟದೆ ಹೋಗೇ" ಎಂದು ಎತ್ತಿಕೊಂಡಳು. ಪದ ಟ್ಯೂನಿನೊಳಗೆ ಕೈ ಬಳೆಯೊಳಗೆ ಹೋದಂತೆ ಹೋಯಿತು. ಸಿದ್ದೇಶ ನಿಶ್ಚಿಂತೆಯಿಂದ ರಾಜಾಜಿನಗರಕ್ಕೆ ಹೊರಟ.

ಟ್ಯಾಂಕಿನ ಮಾಲೀಕ ವೆಂಕಟಗಿರಿಯವರು ಸ್ಟುಡಿಯೋದಲ್ಲಿ ಸೋಫಾ ತುಂಬ ಕೂತಿದ್ದರು. ಅವರೇ ಒಂದು ಟ್ಯಾಂಕಿನಂತಿದ್ದರು.

"ನೋಡಿ ಸಿದ್ದೇಶ್, ಹಾಡೆಲ್ಲಾ ಓಕೆ. ಆದ್ರೆ 'ಗಟ್ಟಿ' ಅನ್ನೋದು ಗಟ್ಟಿಯಾಗಿ ಬರ್ತಿಲ್ಲ."

"ಸಾರ್, 'ಗಟ್ಟಿ ಗಟ್ಟಿ ಟ್ಯಾಂಕು' ಅಂತ ಎರಡು ಸಲ ಇದೆಯಲ್ಲ."

"ನನ್ ಟ್ಯಾಂಕಿಗೆ ಪದರ ಎಷ್ಟಿದೆ ಅಂದ್ಕೊಂಡ್ರಿ? ಪದರಕ್ಕೊಂದು ಗಟ್ಟಿ ಬರ್ಲಿ."

ಮಧ್ಯಾಹ್ನದವರೆಗೆ ಸಿದ್ದೇಶ "ಗಟ್ಟಿ" ಹಾಡಿದ. ಮೇಲಿನ ಸ್ವರದಲ್ಲಿ ಹಾಡಿದ, ಕೆಳಗಿನದರಲ್ಲಿ ಹಾಡಿದ, ಮಾದರಿಗೆಂದು ತಂದಿಟ್ಟಿದ್ದ ಟ್ಯಾಂಕಿನೊಳಗೆ ತಲೆಯಿಟ್ಟು ಹಾಡಿದ. ವೆಂಕಟಗಿರಿಯವರು ತೃಪ್ತರಾಗಿ ಎದ್ದು ಹೋದ ಮೇಲೆ, ಎದುರಿಗೇ ಮೈಕು ಇದೆಯಲ್ಲ, ನನ್ನ ಟ್ಯೂನು ಇಲ್ಲೇ ಹಾಡಿಬಿಡೋಣ ಎಂದುಕೊಂಡ. ಕಣ್ಣು ಮುಚ್ಚಿ, ತಿಳಿನೀರನ್ನು ನೆನೆದು, ಮೃದುವಾಗಿ ಬಾಯಿ ತೆರೆದ.

"ಗಟ್ಟಿ ಗಟ್ಟಿ ಗಟ್ಟಿ ಗಟ್ಟಿ ಟ್ಯಾಂಕು!" ಎಂದಿತು ಬಾಯಿ.

ಬ್ಯಾಕಪ್ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಎಂದುಕೊಳ್ಳುತ್ತ ದೀಪಾಂಜಲಿ ನಗರದ ದಾರಿ ಹಿಡಿದ.

ಯೋಗನಿದ್ರೆಯ ಹಾಲಿನಲ್ಲಿ ಪರದೆಗಳನ್ನು ಎಳೆದಿದ್ದರು. ಸೊಂಟ ನೋವಿನವರು, ಬ್ಯಾಂಕಿನಿಂದ ನಿವೃತ್ತರಾದವರು ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದರು. ಗುರುಗಳು ಜೇನು ಸುರಿದಂತೆ ಹೇಳುತ್ತಿದ್ದರು: "ನಿಮ್ಮ ಬಲಗಾಲಿನ ಹೆಬ್ಬೆರಳು ಹಗುರಾಗುತ್ತಿದೆ... ಮೋಡದ ಮೇಲಿದ್ದೀರಿ... ಮೋಡವೇ ನೀವು..." ಸಿದ್ದೇಶ ಹಾರ್ಮೋನಿಯಮ್ಮಿನ ಒಂದೇ ಸ್ವರದ ಮನೆಯನ್ನು ಒತ್ತಿ ಹಿಡಿದು ತಿದಿ ಒತ್ತುತ್ತಿದ್ದ. ಪರದೆಯ ಅಂಚಿನಿಂದ ಬಿಸಿಲಿನ ಒಂದೇ ಎಳೆ ಒಳಗೆ ಬಂದು ಅವನ ಮಣಿಕಟ್ಟಿನ ಮೇಲೆ ಬೆಕ್ಕಿನ ಮರಿಯಂತೆ ಮಲಗಿತ್ತು. ಹೊರಗಿನ ಮೈಸೂರು ರಸ್ತೆ ದೂರದ ಸಮುದ್ರವಾಯಿತು. ಅವನ ಹೆಬ್ಬೆರಳೂ ಹಗುರಾಯಿತು. ಅವನೂ ಮೋಡವಾದ. ಮೋಡಕ್ಕೆ ಏನೋ ಹಾಡಬೇಕೆನ್ನಿಸಿತು.

"ಗಟ್ಟಿ ಗಟ್ಟಿ ಗಟ್ಟಿ ಗಟ್ಟಿ..."

ನಿವೃತ್ತ ಮ್ಯಾನೇಜರೊಬ್ಬರು "ಎಲ್ಲಿ? ಯಾರು?" ಎಂದು ಎದ್ದು ಕೂತು ಪಕ್ಕದವರ ಕನ್ನಡಕದ ಮೇಲೆ ಕೈಯೂರಿದರು. ಒಬ್ಬಾಕೆ ಲಬ್ಬೋ ಎಂದರು. ಗುರುಗಳು ಮೋಡದಿಂದ ನೇರವಾಗಿ ನೆಲಕ್ಕಿಳಿದು, "ಸಿದ್ದೇಶ್ ಅವ್ರೇ, ನಾಳೆಯಿಂದ ನಾವು ಮೌನದಲ್ಲೇ ಮಾಡ್ತೀವಿ" ಎಂದರು.

ಹಾರ್ಮೋನಿಯಮ್ಮನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬರುವಾಗ ಸಿದ್ದೇಶನಿಗೆ ಒಂದು ಕೆಲಸ ಹೋದ ದುಃಖಕ್ಕಿಂತ ಭಯ ದೊಡ್ಡದಾಗಿತ್ತು. ಸೊಪ್ಪಿನ ಕೈ, ಇಸ್ತ್ರಿಯ ಬಿಸಿ, ಹೂವಿನ ದಾರ, ಇಷ್ಟರ ನಡುವೆ ಸಿಕ್ಕ ಟ್ಯೂನು ಏನಾಗಿರಬಹುದು? ಶಿಳ್ಳೆಯಲ್ಲಿ ಬಾಲ ಉದುರಿರಬಹುದು. ಸೀರಿಯಲ್ಲಿಗೆ ಸಿಕ್ಕಿ ಅಳುಬುರುಕಾಗಿರಬಹುದು.

ಬೀದಿ ಮೂಲೆಗೆ ಬಂದು ಸ್ಕೂಟರ್ ಆಫ್ ಮಾಡಿದ. ಸಂಜೆಯ ಬಿಸಿಲು ತಾರಸಿಗಳಿಂದ ಕೆಂಪಗೆ ಇಳಿಯುತ್ತಿತ್ತು. ಮಹದೇವನ ಶಿಳ್ಳೆ ಕೇಳಿಸಿತು. ಏರುವ ಹಾಗೆ ಮಾಡಿ, ಏರದೆ, ಸುತ್ತಿ, ಮಡಚಿಕೊಂಡು ಇಳಿಯಿತು. ತರಕಾರಿ ಗಾಡಿಯವನು ಅದೇ ಟ್ಯೂನಿನಲ್ಲಿ ಬೀನ್ಸು ಕೂಗುತ್ತಿದ್ದ. ಎದುರು ಮನೆಯ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರು ಅದರ ತಾಳಕ್ಕೇ ಕ್ಲಿಪ್ಪು ಕೀಳುತ್ತಿದ್ದರು. ಯಾರದೋ ಮನೆಯಲ್ಲಿ ಮಗುವನ್ನು ಅದರಲ್ಲೇ ತೂಗುತ್ತಿದ್ದರು. ಇಡೀ ಬೀದಿ ಅವನ ಕನಸಿನೊಳಗೆ ಎದ್ದು ಓಡಾಡುತ್ತಿತ್ತು. ಒಬ್ಬರದೂ ಒಂದು ಸ್ವರ ತಪ್ಪಿಲ್ಲ! ಸಿದ್ದೇಶನ ಕಣ್ಣು ತುಂಬಿ ಬಂದವು. ಮೆಟ್ಟಿಲು ಹತ್ತಿ ಗಿಟಾರು ತೆಗೆದುಕೊಂಡ.

ಹಿಂದೆಯೇ ರಮ್ಯಶ್ರೀ ಬಂದಳು.

"ಸ್ಟೇಷನ್ನಿಂದ ನಡ್ಕೊಂಡೇ ಬಂದೆ. ನಿಮ್ ಏರಿಯಾ ಏನ್ ಚೆನ್ನಾಗಿದೆ ರೀ! ಹೂಂ, ಕೇಳ್ಸಿ."

ಸಿದ್ದೇಶ ಕಣ್ಣು ಮುಚ್ಚಿ ನುಡಿಸಿದ. ಮುಗಿಸಿ ಕಣ್ಣು ತೆರೆದಾಗ ರಮ್ಯಶ್ರೀಯ ಕಣ್ಣಲ್ಲೂ ನೀರಿತ್ತು. ಪರದೆಯ ಮೇಲಿನ ತನ್ನ ಹೆಸರು ಅವನಿಗೆ ಸ್ಪಷ್ಟವಾಗಿ ಕಂಡಿತು, ಒತ್ತಕ್ಷರ ಸಮೇತ.

"ಅದ್ಭುತ ಸಿದ್ದೇಶ್" ಎಂದಳು. ಆಮೇಲೆ ಮೆಲ್ಲಗೆ, "ಆದ್ರೆ ಇದನ್ನ ನಿಮ್ದು ಅಂತ ಹೇಳೋಕೆ ನಿಮ್ಗೆ ಮನಸ್ಸಾದ್ರೂ ಹೇಗ್ ಬಂತು?"

"ಅಂದ್ರೆ?"

"ಹೂವಿನ ಅಜ್ಜಿ ಹಾಡ್ತಿದ್ರು. ಇಸ್ತ್ರಿಯವ್ರು ಶಿಳ್ಳೆ ಹೊಡೀತಿದ್ರು. ಬೀನ್ಸ್ ಮಾರೋರಿಗೂ ಬರತ್ತೆ. ಇದು ಇಲ್ಲಿನ ಜನಪದ ಅಲ್ವಾ?"

"ಅಯ್ಯೋ ಇಲ್ಲ ಮೇಡಂ! ನಾನೇ ಅವ್ರಿಗೆ... ಬನ್ನಿ, ಕೆಳಗೆ ಬನ್ನಿ, ಅವರನ್ನೇ ಕೇಳಿ!"

ಕೆಳಗೆ ಜಗಲಿಯ ಮೇಲೆ ಯಶೋದಮ್ಮ ಕೂತಿದ್ದರು. ಮಹದೇವ ಇಸ್ತ್ರಿ ಬಟ್ಟೆ ಕೊಡಲು, ಹನುಮಕ್ಕ ಸಂಜೆಯ ಹೂ ಕೊಡಲು ಬಂದಿದ್ದರು. ಮೂವರೂ ಸೇರಿ ಗುನುಗುತ್ತಿದ್ದರು.

"ಆಂಟಿ, ಈ ಹಾಡು ಯಾರದು?" ಎಂದಳು ರಮ್ಯಶ್ರೀ.

ಯಶೋದಮ್ಮ ಅಪರಿಚಿತ ಹೆಂಗಸನ್ನು ಮೇಲಿನಿಂದ ಕೆಳಗೆ ನೋಡಿದರು. ಟ್ಯೂನು ಹೊಡೆದುಕೊಂಡು ಹೋಗುವವರು ಬಂದೇ ಬಿಟ್ಟರು ಎಂದು ಅವರಿಗೆ ಖಚಿತವಾಯಿತು. ಸಿದ್ದೇಶನ ಕಡೆ ಒಂದು ಕಣ್ಣು ಹೊಡೆದರು.

"ಇದಾ? ನಮ್ಮತ್ತೆ ರಾಗಿ ಬೀಸ್ತಾ ಹೇಳ್ತಿದ್ದಿದ್ದು ಕಣಮ್ಮಾ."

ಸಿದ್ದೇಶ ಬೇಡ ಬೇಡವೆಂದು ತಲೆ ಅಲ್ಲಾಡಿಸಿದ. ಇನ್ನೂ ಸಾಲದು ಎನ್ನುತ್ತಿದ್ದಾನೆಂದು ಯಶೋದಮ್ಮ ತಿಳಿದರು. "ನಮ್ಮತ್ತೆಗೆ ಅವ್ರತ್ತೆ ಹೇಳ್ಕೊಟ್ಟಿದ್ದು."

ಸಿದ್ದೇಶ ಕೈ ಮುಗಿದ. "ಅವ್ರತ್ತೆಗೆ ಅವ್ರತ್ತೆ" ಎಂದರು ಯಶೋದಮ್ಮ. ಮಹದೇವನೂ ಹಿಂದೆ ಬೀಳಲಿಲ್ಲ: "ನಮ್ ತಾತ ಇದೇ ಶಿಳ್ಳೆ ಹೊಡ್ಕೊಂಡೇ ಸುಂಕದಕಟ್ಟೆವರೆಗೂ ಬಟ್ಟೆ ಗಂಟು ಹೊರ್ತಿದ್ರು ಮೇಡಂ. ಈ ಸಿದ್ದೇಶಣ್ಣ ಯಾರು ಅಂತಾನೇ ನಂಗೊತ್ತಿಲ್ಲ."

"ಆಂಟಿ! ಸಾಕು!" ಸಿದ್ದೇಶ ಕಿರುಚಿದ. "ಇವ್ರೇ ಆ ಸಿನಿಮಾ ಡೈರೆಕ್ಟರು! ಈಗ ನಿಜ ಹೇಳ್ಬೇಕು!"

ಯಶೋದಮ್ಮನವರ ಮುಖ ಹಿಟ್ಟಿನಂತಾಯಿತು. "ಅಯ್ಯೋ ನಿನ್ ಮನೆ ಹಾಳಾಗ! ಮೊದ್ಲೇ ಹೇಳ್ಬಾರ್ದೇನೋ? ಇದು ಇವನದೇ ಕಣಮ್ಮಾ. ಬೆಳಿಗ್ಗೆ ನನ್ಹತ್ರ ಇಟ್ಟು ಹೋಗಿದ್ದ. ನಮ್ಮತ್ತೆ ಜನ್ಮದಲ್ಲಿ ಹಾಡ್ದೋರಲ್ಲ, ಬರೀ ಬಯ್ಯೋರು!"

ರಮ್ಯಶ್ರೀ ಅವರ ಕೈ ಹಿಡಿದುಕೊಂಡಳು. "ಬಾಡಿಗೆಗಿರೋರ ಮೇಲೆ ಎಷ್ಟು ಪ್ರೀತಿ ಆಂಟಿ ನಿಮ್ಗೆ! ಅತ್ತೆಯವರ ಹಾಡನ್ನೇ ಬಿಟ್ಕೊಡ್ತಿದೀರಲ್ಲ. ಟ್ಯೂನನ್ನ ಯಾರಾದ್ರೂ ಇಟ್ಟು ಹೋಗೋಕೆ ಆಗತ್ತಾ?"

ಉಳಿದವಳು ಹನುಮಕ್ಕ. "ಅಜ್ಜಿ, ನೀವಾದ್ರೂ ಹೇಳಿ, ಬೆಳಿಗ್ಗೆ ನಾನೇ ಹೇಳ್ಕೊಟ್ಟಿದ್ದು ಅಂತ" ಎಂದು ಸಿದ್ದೇಶ ಅವಳ ಮುಂದೆ ಕೂತ.

ಹನುಮಕ್ಕನಿಗೆ ನಿಜವಾಗಿಯೂ ಸಿಟ್ಟು ಬಂತು. "ಹೇಳ್ಕೊಟ್ಯಾ? ನೀನು ನೆಪ್ಪು ಮಾಡ್ದೆ ಕಣ್ಲಾ, ಅಷ್ಟೆಯಾ. ನಮ್ಮವ್ವ ನನ್ ತಲೆ ಬಾಚ್ತಾ ಇದನ್ನೇ ಹೇಳ್ತಿದ್ಲು. ಎಲ್ಲಾ ಮರ್ತು ಕುಂತಿದ್ದೆ. ಬೆಳಿಗ್ಗೆಯಿಂದ ನಮ್ಮವ್ವನ ಕೈ ನನ್ ತಲೆ ಮ್ಯಾಲೇ ಐತೆ." ಅವಳ ಕಣ್ಣು ಹೊಳೆಯುತ್ತಿದ್ದವು. ಅದರಲ್ಲಿ ಸುಳ್ಳಿರಲಿಲ್ಲ. ಒಂದು ಗಳಿಗೆ ಸಿದ್ದೇಶನಿಗೇ ಅನುಮಾನವಾಯಿತು.

"ಇದೇ ನನ್ ಸಿನಿಮಾ!" ಎಂದಳು ರಮ್ಯಶ್ರೀ. "ಬೇರೆ ಹಾಡೇ ಬೇಡ. ಮೊದಲಿಂದ ಕೊನೆವರೆಗೂ ಇದೊಂದೇ, ಇವ್ರ ಬಾಯಲ್ಲೇ. ಗಾಯನ: ಯಶೋದಮ್ಮ, ಹನುಮಕ್ಕ. ಶಿಳ್ಳೆ: ಮಹದೇವ್. ಸಂಗೀತ: ಜನಪದ."

"ನನ್ ಹೆಸರು?" ಸಿದ್ದೇಶನ ದನಿ ಬಾವಿಯೊಳಗಿಂದ ಬಂತು.

"ಬಿಡ್ತೀನಾ? ಕೊನೇಲಿ 'ಅತ್ತಿಗುಪ್ಪೆಯ ಸಮಸ್ತ ನಾಗರಿಕರಿಗೆ ಕೃತಜ್ಞತೆಗಳು' ಅಂತ ಬರತ್ತಲ್ಲ. ಅದ್ರಲ್ಲಿ ನೀವೂ ಬಂದ್ರಿ."

ಅವಳು ಫೋನು ತೆಗೆದು ಜಗಲಿಯ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದಳು. ಯಶೋದಮ್ಮ ಒಲ್ಲೆ ಒಲ್ಲೆ ಎನ್ನುತ್ತಲೇ ಸೆರಗು ಸರಿಮಾಡಿಕೊಂಡರು. ಮಹದೇವ ತುಟಿ ಒದ್ದೆ ಮಾಡಿಕೊಂಡ. ಹನುಮಕ್ಕ ಎತ್ತಿಕೊಟ್ಟಳು. ಬೀದಿ ದೀಪಗಳು ಒಂದೊಂದಾಗಿ ಹತ್ತಿದವು, ಆಚೀಚೆ ಮನೆಯವರು ಬಾಗಿಲಿಗೆ ಬಂದು ದನಿಗೂಡಿಸಿದರು. ಕೇಳುತ್ತ ಕೇಳುತ್ತ ಸಿದ್ದೇಶನ ಸಿಟ್ಟೂ ಎಲ್ಲೋ ಕರಗಿ, ಕಣ್ಣು ತಾನಾಗಿ ಮುಚ್ಚಿಕೊಂಡು, ಅವನೂ ಮೆಲ್ಲಗೆ ಹಾಡಲಾರಂಭಿಸಿದ.

ಹನುಮಕ್ಕ ಹಾಡು ನಿಲ್ಲಿಸಿ ಅವನ ಮಂಡಿಗೆ ಒಂದು ಏಟು ಕೊಟ್ಟಳು.

"ಅಂಗಲ್ಲ ಕಣ್ಲಾ ಅದು. ಹಳೇ ಕಾಲದ ಪದ, ಗೊತ್ತಿಲ್ದಿದ್ರೆ ಸುಮ್ಕೆ ಬಾಯ್ ಮುಚ್ಕೊಂಡು ಕುಂತ್ಕೊ."